ನಿಷೇಧಾಜ್ಞೆ ಬಗ್ಗೆ ಗುಂಪಿನ ಎಲ್ಲರಿಗೂ

ನಮಸ್ಕಾರ. ‘144 ಹಾಕಿದ್ದಾರೆ, ಇನ್ಮೇಲೆ ಯಾರೂ ಬಾಯಿ ಬಿಡೋ ಹಾಗಿಲ್ಲ’ ಎಂಬ ಮೆಸೇಜ್ ನಿನ್ನೆಯಿಂದ ಇಲ್ಲಿ ಓಡಾಡುತ್ತಿದೆ. ದಯವಿಟ್ಟು ಸುಮ್ನೆ ಫಾರ್ವರ್ಡ್ ಮಾಡಬೇಡಿ.

2024ರ ಜುಲೈ 1ರಿಂದ ನಿಷೇಧಾಜ್ಞೆ ಹೊರಡಿಸಲು ಬಳಸುತ್ತಿದ್ದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (CrPC) 144ನೇ ಸೆಕ್ಷನ್ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಇದೆ. ಆದೇಶದ ಪ್ರತಿ ಸಿಕ್ಕರೆ ಅದನ್ನೇ ಹಾಕಿ. ಏನು ಕಾರಣಕ್ಕೆ ಅಂತ ಅದರಲ್ಲೇ ಬರೆದಿರಬೇಕು. ಮ್ಯಾಜಿಸ್ಟ್ರೇಟ್ ಆದೇಶ ಎರಡು ತಿಂಗಳಿಗಿಂತ ಜಾಸ್ತಿ ನಡೆಯುವುದಿಲ್ಲ. ಮುಂದುವರಿಸಬೇಕಾದರೆ ರಾಜ್ಯ ಸರ್ಕಾರವೇ ಹೇಳಬೇಕು. ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು, ನ್ಯಾಯವಾದ ಅಭಿಪ್ರಾಯವನ್ನು ಅದುಮಲು ಬಳಸಬಾರದು ಎಂದು 2020ರಲ್ಲಿ ಕಾಶ್ಮೀರದ ನಿರ್ಬಂಧಗಳ ಕುರಿತ ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನನ್ನ ಮಟ್ಟಿಗೆ ಇದು ತುಂಬಾ ದೊಡ್ಡ ಮಾತು.

ಹಾಗಂತ ಸಂವಿಧಾನದ 19ನೇ ವಿಧಿಯನ್ನು ಅರ್ಧ ಓದಿ ನಿಲ್ಲಿಸಬೇಡಿ. ಸಭೆ ಸೇರುವ ಹಕ್ಕಿನ ಪಕ್ಕದಲ್ಲೇ ಶಾಂತಿಯಿಂದ, ಆಯುಧವಿಲ್ಲದೆ ಎಂಬ ಮಾತೂ ಇದೆ. ಎಲ್ಲೋ ನಡೆದ ಕಲ್ಲು ತೂರಾಟದ ಹಳೇ ವಿಡಿಯೊವನ್ನು ಇವತ್ತಿನದು ಅಂತ ಹಾಕಿದರೆ, ಪೆಟ್ಟು ಬೀಳುವುದು ಬೀದಿಯಲ್ಲಿ ನಡೆದು ಹೋಗುವವರಿಗೆ, ಅಲ್ವಾ? ಅಂಥದ್ದು ಹಾಕಿದ್ದರೆ ಈಗಲೇ ಅಳಿಸಿ. ಆದೇಶವೇ ತಪ್ಪು ಅನ್ನಿಸಿದರೆ ಧಾರಾಳವಾಗಿ ಬರೆಯಿರಿ. ಅದನ್ನು ನಾನು ತೆಗೆಯುವುದಿಲ್ಲ.