ಗ್ರೀಕರ ಮನೆ ಹಾವನ್ನು ಬಿಟ್ಟಿದ್ದೇಕೆ?

ಮಾನ್ಯ ಸಂಪಾದಕರೇ,

ನಾಗರಪಂಚಮಿ ಪುರವಣಿಯ ಹಾವುಗಳ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಪಾಶ್ಚಾತ್ಯರಿಗೆ ಹಾವು ಎಂದರೆ ಯಾವಾಗಲೂ ಸೈತಾನನೇ ಅನ್ನೋ ಮಾತನ್ನು ಒಪ್ಪಲು ಆಗಲಿಲ್ಲ. ಅದು ಬೈಬಲ್ಲಿನ ಹಾವಿನ ಕಥೆ. ಕ್ರೈಸ್ತ ಧರ್ಮ ಬರುವ ಮೊದಲು ಗ್ರೀಕರು ಮನೆಯಲ್ಲೇ ಒಂದು ಒಳ್ಳೆಯ ಹಾವನ್ನು ನಂಬುತ್ತಿದ್ದರು. ಅದರ ಹೆಸರು ಅಗಾಥೋಸ್ ಡೈಮೋನ್, ಅಂದರೆ 'ಒಳ್ಳೆಯ ದೈವ'. ಮನೆ, ಕಣಜ, ದ್ರಾಕ್ಷಿತೋಟ ಎಲ್ಲ ಕಾಯುವ ದೈವ.

ಇದರ ಬಗ್ಗೆ ಹೇಳಿಕೊಳ್ಳುವಂಥ ಪುರಾಣವೇ ಇಲ್ಲ, ಯುದ್ಧ ಮಾಡಲಿಲ್ಲ, ಯಾರನ್ನೂ ನುಂಗಲಿಲ್ಲ, ಅದಕ್ಕೇ ಇರಬೇಕು ಎಲ್ಲರೂ ಇದನ್ನು ಬಿಟ್ಟು ಹಲವು ತಲೆಯ ಹಾವು ಹೈಡ್ರಾ, ಹಾವುಗಳೇ ಕೂದಲಾದ ಮೆಡೂಸಾ ಹಿಂದೆ ಓಡುತ್ತಾರೆ. ಆದರೆ ದಿನದ ಬದುಕಲ್ಲಿ ಇದ್ದದ್ದು ಇದೇ. ಗ್ರೀಕರು ವೈನಿಗೆ ನೀರು ಬೆರೆಸಿಯೇ ಕುಡಿಯುತ್ತಿದ್ದರು. ಊಟ ಮುಗಿದ ಮೇಲೆ ನೀರು ಬೆರೆಸದ ಒಂದು ಗುಟುಕು ಮಾತ್ರ ಈ ದೈವದ ಹೆಸರಲ್ಲಿ. ಕ್ರಿ.ಪೂ. 424ರಲ್ಲಿ ಆಡಿದ, ಗ್ರೀಕ್ ಹಾಸ್ಯ ನಾಟಕಕಾರ ಅರಿಸ್ಟೋಫನೀಸನ ಒಂದು ನಾಟಕದಲ್ಲಿ ಆಳು ಒಬ್ಬ ಕದ್ದ ವೈನನ್ನು ಈ ದೈವದ ಹೆಸರು ಹೇಳಿ ಕುಡಿಯುತ್ತಾನೆ, ತಕ್ಷಣ ಒಂದು ಉಪಾಯ ಹೊಳೆಯುತ್ತದೆ, ಇದು ನಿನ್ನ ಉಪಾಯ ಕಣಪ್ಪಾ, ನನ್ನದಲ್ಲ ಅಂತ ದೈವದ ತಲೆಗೇ ಕಟ್ಟುತ್ತಾನೆ! ಅಷ್ಟು ಸಲಿಗೆ.

ಅಥೆನ್ಸಿನ ಗುಡ್ಡದ ಮೇಲಿನ ಕೋಟೆ ಅಕ್ರೊಪೊಲಿಸ್ ಕಾಯುವ ಹಾವಿನ ಸಂಗತಿಯನ್ನು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಅದು ಬೇರೆ ಹಾವು, ಆದರೆ ನಂಬಿಕೆ ಇದೇ ಜಾತಿಯದು. ತಿಂಗಳು ತಿಂಗಳು ಅದಕ್ಕೆ ಜೇನಿನ ರೊಟ್ಟಿ ಇಡುತ್ತಿದ್ದರು. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರ ಸೈನ್ಯ ಬರುತ್ತಿದ್ದಾಗ ಆ ರೊಟ್ಟಿ ಇಟ್ಟಲ್ಲೇ ಉಳಿಯಿತು. ಪೂಜಾರಿಣಿ ಹೇಳಿದ್ದೇ ತಡ, ಊರದೇವಿ ಅಥೀನಾಳೇ ಕೋಟೆ ಬಿಟ್ಟುಹೋದಳು ಅಂದುಕೊಂಡು ಜನ ಇನ್ನೂ ಬೇಗ ಊರು ಖಾಲಿ ಮಾಡಿದರು.

ಈಜಿಪ್ಟಿನಲ್ಲಿ ಅಲೆಕ್ಸಾಂಡರ್ ಕಟ್ಟಿಸಿದ ಅಲೆಕ್ಸಾಂಡ್ರಿಯಾದ ಐತಿಹ್ಯ ಇನ್ನೂ ಸೊಗಸು. ಊರು ಕಟ್ಟುವಾಗ ಒಂದು ಹಾವು ಬಂದು ಕೆಲಸಗಾರರನ್ನು ಹೆದರಿಸುತ್ತಿತ್ತಂತೆ. ಅಲೆಕ್ಸಾಂಡರ್ ಅದನ್ನು ಕೊಲ್ಲಿಸಿ, ಆಮೇಲೆ ಅಲ್ಲೇ ಗುಡಿ ಕಟ್ಟಿಸಿದ. ಆ ಗುಡಿಯಿಂದ ಹೊರಟ ಮರಿಗಳು ಮನೆಮನೆ ಸೇರಿದವು, ಜನ ಅವಕ್ಕೆ ಗೋಧಿ ಗಂಜಿ ಇಟ್ಟರು. ಕಥೆ ನಿಜವೋ ಸುಳ್ಳೋ, ನಂಬಿಕೆ ಅಲ್ಲಿ ಗಟ್ಟಿಯಾಗಿತ್ತು. ರೋಮಿನ ಚಕ್ರವರ್ತಿ ನೀರೋ ಕೂಡ ಅಲೆಕ್ಸಾಂಡ್ರಿಯಾದ ನಾಣ್ಯದಲ್ಲಿ 'ಹೊಸ ಅಗಾಥೋಸ್ ಡೈಮೋನ್' ಅಂತ ಕರೆಸಿಕೊಂಡ. ಅವನಿಗೆ ಆ ಹೆಸರು ಸ್ವಲ್ಪ ಜಾಸ್ತಿಯೇ ಆಯಿತು ಬಿಡಿ. ಅದೇ ಊರಿನ ಕೋಮ್ ಎಲ್ ಶೊಖಾಫಾ ನೆಲಮಾಳಿಗೆ ಸಮಾಧಿಯ ಬಾಗಿಲ ಎರಡೂ ಕಡೆ ಈಜಿಪ್ಟಿನ ಜೋಡಿ ಕಿರೀಟ ತೊಟ್ಟ ಗಡ್ಡದ ಹಾವುಗಳನ್ನು ಕೆತ್ತಿದ್ದಾರೆ, ಕಾವಲಿಗೆ.

ಇನ್ನು ಇದನ್ನೆಲ್ಲ ಓದಿದ ಕೂಡಲೇ 'ನೋಡಿ, ಅಲೆಕ್ಸಾಂಡರನ ಸೈನಿಕರು ನಮ್ಮ ನಾಗಪೂಜೆಯನ್ನೇ ಹೊತ್ತುಕೊಂಡು ಹೋದರು' ಅಂತ ವಾಟ್ಸಾಪ್‌ನಲ್ಲಿ ಹಂಚುವವರು ಇದ್ದೇ ಇರುತ್ತಾರೆ. ಸುಮ್ನೆ ಲೆಕ್ಕ ಹಾಕಿ. ಅಲೆಕ್ಸಾಂಡರ್ ಸಿಂಧೂ ನದಿ ದಾಟಿದ್ದು ಕ್ರಿ.ಪೂ. 326ರಲ್ಲಿ. ಆ ನಾಟಕದ ಆಳು ದೈವಕ್ಕೆ ವೈನ್ ಸುರಿದು ಆಗಲೇ ಸುಮಾರು ನೂರು ವರ್ಷವಾಗಿತ್ತು.

ಇಂತಿ,
ನಿಮ್ಮ ಓದುಗ, ಮೈಸೂರು