ಆ ಏಳು ಬೇಲಿಗಳನ್ನು ಬರೆ

ಪ್ರೀತಿಯ ತಮ್ಮಾ,

ನಿನ್ನ ಲೇಖನ ಎರಡು ಸಲ ಓದಿದೆ. ಜಾನ್ ಬಕಿಂಗ್‌ಹ್ಯಾಮ್‌ನಂಥ ಕುದುರೆ ರೇಸಿನ ಜಾಕಿಯನ್ನು ಆರಿಸಿಕೊಂಡಿದ್ದೀಯಲ್ಲ, ತುಂಬ ಖುಷಿಯಾಯಿತು. ಆದರೆ 'ಅದೃಷ್ಟ' ಅನ್ನೋ ಮಾತು ಆರು ಕಡೆ ಬಂದಿದೆ. ಆರನ್ನೂ ಹೊಡೆದುಹಾಕು.

ನಮ್ಮ ಬೆಂಗಳೂರಿನವರು ನೋಡಿರೋದು ಬೇಲಿಯಿಲ್ಲದ ಓಟ. ನಾಲ್ಕೂವರೆ ಮೈಲಿ ಬೇಲಿ ಹಾರಿಸುತ್ತಾ ಹೋಗುವುದನ್ನು ನೀನೇ ಅವರಿಗೆ ತೋರಿಸಬೇಕು. 1967ರ ಏಪ್ರಿಲ್ 8, ಲಿವರ್‌ಪೂಲ್ ಪಕ್ಕದ ಏನ್‌ಟ್ರೀ. ಗ್ರ್ಯಾಂಡ್ ನ್ಯಾಷನಲ್ ಅನ್ನೋ ಬೇಲಿ ಹಾರುವ ರೇಸಿಗೆ 44 ಕುದುರೆಗಳು. ಬಕಿಂಗ್‌ಹ್ಯಾಮ್ ಹತ್ತಿದ ಕುದುರೆ ಫಾಯ್ನವನ್ ಮೇಲೆ ಬಾಜಿ ದರ ಒಂದಕ್ಕೆ ನೂರು. ಗೆಲ್ಲುತ್ತೆ ಅಂತ ಯಾರಿಗೂ ಅನಿಸಿರಲಿಲ್ಲ. ಮಾಲೀಕ ಬಂದಿರಲಿಲ್ಲ, ತರಬೇತುದಾರ ವೂಸ್ಟರ್‌ನ ರೇಸಿಗೆ ಹೋಗಿದ್ದ. ಬೇರೆ ಜಾಕಿಗಳು ಒಲ್ಲೆ ಎಂದ ಮೇಲೆ ಬಕಿಂಗ್‌ಹ್ಯಾಮ್‌ಗೆ ಸಿಕ್ಕ ಸವಾರಿ ಅದು. ಅವನ ಮೊದಲ ನ್ಯಾಷನಲ್.

23ನೇ ಬೇಲಿ ಬರೀ ನಾಲ್ಕೂವರೆ ಅಡಿ. ಸವಾರನಿಲ್ಲದ ಪಾಫಮ್ ಡೌನ್ ಅನ್ನೋ ಕುದುರೆ ಅಲ್ಲಿ ಅಡ್ಡ ನುಗ್ಗಿತು. ಕುದುರೆ ಮೇಲೆ ಕುದುರೆ ಬಂದು ನಿಂತವು, ಜಾಕಿಗಳು ನೆಲಕ್ಕೆ ಬಿದ್ದರು. ತುಂಬ ಹಿಂದಿದ್ದ ಬಕಿಂಗ್‌ಹ್ಯಾಮ್‌ಗೆ ಒಂದು ಸಂದು ಕಂಡಿತು. ಹೆಚ್ಚುಕಮ್ಮಿ ನಿಂತಲ್ಲಿಂದಲೇ ಹಾರಿಸಿದ.

ಇಲ್ಲಿಗೆ ನೀನು 'ಕೊನೆಗೆ ಗೆದ್ದ' ಅಂತ ಬರೆದು ಮುಗಿಸಿದ್ದೀಯ. ಇನ್ನೂ ಏಳು ಬೇಲಿ ಇತ್ತಲ್ಲಪ್ಪಾ! ಮರುಬೇಲಿಯೇ ಕೆನಾಲ್ ಟರ್ನ್. ಹಾರಿ ಇಳಿಯುತ್ತಲೇ ಎಡಕ್ಕೆ 90 ಡಿಗ್ರಿ ತಿರುಗಬೇಕು. ಮುಂದೆ ಯಾರೂ ಇಲ್ಲ. ಹಿಂದಿನಿಂದ ಹನಿ ಎಂಡ್ ಅನ್ನೋ ಕುದುರೆ ಬೆನ್ನಟ್ಟುತ್ತಿದೆ. ದಣಿದ ಕುದುರೆಯನ್ನು ಏಳು ಸಲ ಬೀಳದಂತೆ ದಾಟಿಸಿ, 15 ಲೆಂತ್, ಅಂದರೆ 15 ಕುದುರೆಯುದ್ದದ ಅಂತರದಲ್ಲಿ ಗೆದ್ದ. ಸುಮ್ನೆ ಆಗುವ ಕೆಲಸವಾ ಅದು? ಲಗಾಮು ಹಿಡಿದ ಆ ಕೈಗಳಿಗೆ ನೀನು ಕನಿಷ್ಠ ಒಂದು ಪುಟ ಕೊಡಬೇಕು.

ಇನ್ನೊಂದು. 1971ರಲ್ಲಿ ಸವಾರಿ ಬಿಟ್ಟಮೇಲಿನ ಬದುಕಿಗೆ ನೀನು ಕೊಟ್ಟಿದ್ದು ಒಂದೇ ಸಾಲು. ಅವನು ಜಾಕಿಗಳ ವ್ಯಾಲೆಟ್ ಆದ. ತನ್ನ ತಮ್ಮನ ಜೊತೆ ಸುಮಾರು 30 ವರ್ಷ ಆ ಕೆಲಸ ಮಾಡಿದ. ವ್ಯಾಲೆಟ್ ಅಂದರೇನು ಅಂತ ಬಿಡಿಸಿ ಹೇಳು. ಕೆಸರು ಮೆತ್ತಿದ ಬೂಟು ಉಜ್ಜೋದು, ಒದ್ದೆ ಜೀನು ಒರೆಸೋದು, ಕುದುರೆ ಹೊರಬೇಕಾದ ತೂಕ ಕಮ್ಮಿ ಬಿದ್ದರೆ ಜೀನಿನ ಕೆಳಗಿನ ಬಟ್ಟೆಯ ಜೇಬಿಗೆ ಸೀಸದ ಪಟ್ಟಿ ತುಂಬೋದು, ಮುಂದಿನ ರೇಸಿನ ಬಣ್ಣದ ಅಂಗಿ ತೆಗೆದಿಡೋದು. ನ್ಯಾಷನಲ್ ಗೆದ್ದವನು ಬೇರೆಯವರ ಬೂಟು ಒರೆಸುವಂತಾಯಿತು ಅಂತ ಮರುಗಬೇಡ. ಅವನಿಗೆ ಇಷ್ಟವಾದ ಜಾಗ ಅದು, ಕುದುರೆಯವರ ನಡುವೆ.

ಆ 23ನೇ ಬೇಲಿಗೆ 1984ರಲ್ಲಿ ಫಾಯ್ನವನ್ ಅಂತ ಕುದುರೆಯ ಹೆಸರಿಟ್ಟರು. ಇದು ನಿನ್ನ ಲೇಖನದಲ್ಲಿ ಇಲ್ಲವೇ ಇಲ್ಲ. ಸೇರಿಸು.

ತಿದ್ದಿ ಕಳಿಸು. ಪುಟ ಜಾಸ್ತಿಯಾದರೆ ಆಗಲಿ, ಸಂಪಾದಕರ ಹತ್ತಿರ ನಾನು ಮಾತಾಡುತ್ತೇನೆ.

ನಿನ್ನ ಅಣ್ಣ