ಅಪ್ಪನ ಜನತಾ ವಾಚಿನ ಹಳೇ ಕೇಸ್ ವಾಪಸ್ ಕೊಡಿ

ತುಮಕೂರು
ದಿನಾಂಕ: 12-08-2024

ಗೆ,
ಗ್ರಾಹಕರ ದೂರು ನೋಡಿಕೊಳ್ಳುವ ಅಧಿಕಾರಿಗಳು,
ಹಳೇ ವಾಚುಗಳ ಬಿಡಿಭಾಗ ಮಾರಾಟ ವಿಭಾಗ

ವಿಷಯ: ಸ್ಟೀಲ್ ಎಂದು ಹೇಳಿ ಹಿತ್ತಾಳೆ ಕೇಸ್ ಕಳಿಸಿರುವುದು, ಅಳತೆ ತಪ್ಪಿದ ಮೇನ್ ಸ್ಪ್ರಿಂಗ್, ಮತ್ತು ಮಾದರಿಗೆಂದು ಕಳಿಸಿದ ಹಳೇ ಕೇಸ್ ಹಿಂದಿರುಗಿಸದೇ ಇರುವುದು.

ಮಾನ್ಯರೇ,

ಜೂನ್ 10ರಂದು ನಿಮ್ಮಲ್ಲಿ ಮೂರು ಸಾಮಾನು ಆರ್ಡರ್ ಮಾಡಿದ್ದೆ. ಎಚ್‌ಎಂಟಿ ಜನತಾ ವಾಚಿಗೆ ಒಂದು ಕೇಸ್ (ಯಂತ್ರ ಕೂರುವ ಹೊರಗಿನ ಲೋಹದ ಕವಚ), ಒಂದು ಗ್ಲಾಸ್, ಒಂದು ಮೇನ್ ಸ್ಪ್ರಿಂಗ್ (ಕೀ ಕೊಟ್ಟಾಗ ಸುತ್ತಿಕೊಂಡು ವಾಚನ್ನು ಓಡಿಸುವ ಸ್ಪ್ರಿಂಗ್). ಕೊರಿಯರ್ ಸೇರಿ 3,170 ರೂಪಾಯಿ ಕಟ್ಟಿದ್ದೇನೆ. ಬಿಲ್ಲು, ಫೋಟೋ ಎಲ್ಲ ಇದರ ಜೊತೆ ಇಟ್ಟಿದ್ದೇನೆ. ಎರಡು ತಿಂಗಳಲ್ಲಿ ಆರು ಸಲ ಫೋನ್ ಮಾಡಿದೆ, ಮೂರು ಮೇಲ್ ಹಾಕಿದೆ. ಪ್ರತಿ ಸಲವೂ ಬೇರೆ ಬೇರೆಯವರು ಮಾತಾಡುತ್ತಾರೆ, ನಾನು ಮೊದಲಿಂದ ಹೇಳಬೇಕಾಗುತ್ತದೆ. ಹಾಗಾಗಿ ಈಗ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ವಾಚ್ ನಮ್ಮಪ್ಪನದು. 1982ರಲ್ಲಿ, ಮೇಷ್ಟ್ರ ಕೆಲಸ ಖಾಯಂ ಆದ ವರ್ಷ ಕೊಂಡಿದ್ದು. ಬೆಳಗ್ಗೆ ರೇಡಿಯೋದಲ್ಲಿ ವಾರ್ತೆ ಶುರುವಾಗುವ ಹೊತ್ತಿಗೆ ಸರಿಯಾಗಿ ಕೀ ಕೊಟ್ಟು, ಮುಳ್ಳು ಹೊಂದಿಸಿ ಕಟ್ಟಿಕೊಳ್ಳುತ್ತಿದ್ದರು. ತುಮಕೂರಿನವರಿಗೆ ಎಚ್‌ಎಂಟಿ ಪರವೂರಿನ ಹೆಸರಲ್ಲ. ಜಪಾನಿನ ಸಿಟಿಜನ್ ಕಂಪನಿ ಜೊತೆಗೂಡಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ವಾಚ್ ಕಂಪನಿಗೆ ಆಮೇಲೆ ನಮ್ಮೂರಲ್ಲೂ ಒಂದು ಕಾರ್ಖಾನೆ ಬಂತು. 2016ರಲ್ಲಿ ಅದು ಬಾಗಿಲು ಹಾಕಿತು, ಜಾಗ ಇಸ್ರೋಗೆ ಹೋಯಿತು. ಕಾರ್ಖಾನೆಯೇ ಇಲ್ಲ ಅಂದ ಮೇಲೆ ಬಿಡಿಭಾಗಕ್ಕೆ ನಿಮ್ಮಂಥವರೇ ಗತಿ ಅಲ್ವಾ? ಅದಕ್ಕೇ ನಿಮ್ಮ ಮಾತನ್ನು ಪೂರ್ತಿ ನಂಬಿದೆ.

ಮೊದಲು ಕೇಸಿನ ವಿಷಯ. ಅಪ್ಪನ ವಾಚಿನ ಕೇಸ್ ಹಿತ್ತಾಳೆಯದು, ಮೇಲೆ ಕ್ರೋಮ್ ಲೇಪನ. ನಲವತ್ತು ವರ್ಷದ ಬೆವರಿಗೆ ಆ ಲೇಪನ ಎದ್ದು ಹೋಗಿತ್ತು. ಬೆಲ್ಟ್ ಕಡ್ಡಿ ಕೂರುವ ತೂತಿನ ಸುತ್ತ, ದೇವರ ದೀಪಕ್ಕೆ ಹಿಡಿಯುತ್ತಲ್ಲ, ಅದೇ ಹಸಿರು ಕಿಲುಬು ಹಿಡಿದಿತ್ತು. ಒಂದು ತೂತಂತೂ ಸವೆದು ಕಡ್ಡಿ ನಿಲ್ಲುತ್ತಿರಲಿಲ್ಲ. ಜೊತೆಗೆ ನನ್ನ ಚರ್ಮಕ್ಕೆ ನಿಕಲ್ ಆಗಿಬರುವುದಿಲ್ಲ. ಕ್ರೋಮ್ ಲೇಪನದ ಅಡಿಯಲ್ಲಿ ನಿಕಲ್ ಪದರ ಇರುತ್ತದೆ. ಮೇಲಿನದು ಸವೆದರೆ ಅದು ನೇರವಾಗಿ ಕೈಗೆ ತಾಗುತ್ತದೆ, ಎರಡೇ ದಿನಕ್ಕೆ ಮಣಿಕಟ್ಟು ಕೆಂಪಾಗಿ ತುರಿಸುತ್ತದೆ. ನಾನು ಸ್ಟೀಲ್ ಕೇಸನ್ನೇ ಹುಡುಕಿದ್ದು ಇದಕ್ಕಾಗಿ. ನಿಮ್ಮಲ್ಲಿ ಬರೆದಿದ್ದು ಹೀಗೆ: ಪೂರ್ತಿ ಸ್ಟೇನ್‌ಲೆಸ್ ಸ್ಟೀಲ್, ಹಳೇ ಕಂಪನಿ ಸ್ಟಾಕ್, ಬಳಸಿಲ್ಲ. ಆರ್ಡರ್ ಮಾಡುವ ಮುಂಚೆ ಫೋನ್ ಮಾಡಿಯೂ ಕೇಳಿದೆ. "ಮ್ಯಾಗ್ನೆಟ್ ಹಿಡಿದು ನೋಡಿದ್ದೀವಿ ಸಾರ್, ಅಂಟಲ್ಲ, ಸ್ಟೀಲೇ" ಅಂದರು.

ಬಂದ ಕೇಸ್ ಫಳಫಳ ಹೊಳೆಯುತ್ತಿತ್ತು. ನಮ್ಮ ಬೀದಿಯಲ್ಲಿ ಬಹಳ ವರ್ಷದಿಂದ ವಾಚ್ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬೆಲ್ಟ್ ಕಡ್ಡಿ ಕೂರುವ ಒಳಗೋಡೆಯಲ್ಲಿ, ಹೊರಗೆ ಕಾಣದ ಜಾಗದಲ್ಲಿ, ಬ್ಲೇಡಿನ ಮೂಲೆಯಿಂದ ಒಂದು ಗೀರು ಎಳೆದರು. ಬೆಳ್ಳಗಿನ ಪದರ ಎದ್ದು ಅಡಿಯಲ್ಲಿ ಹಳದಿ ಕಂಡಿತು. "ನೋಡಪ್ಪ, ಹಿತ್ತಾಳೆ" ಅಂದು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು.

ಮ್ಯಾಗ್ನೆಟ್ ಪರೀಕ್ಷೆ ಇಲ್ಲಿ ಯಾವ ಪ್ರಯೋಜನಕ್ಕೂ ಬರುವುದಿಲ್ಲ. ವಾಚ್ ಕೇಸಿಗೆ ಬಳಸುವ 304, 316 ನಮೂನೆಯ ಸ್ಟೀಲಿಗೆ ಮ್ಯಾಗ್ನೆಟ್ ಹೆಚ್ಚುಕಡಿಮೆ ಹಿಡಿಯುವುದಿಲ್ಲ, ನಿಜ. ಆದರೆ ಹಿತ್ತಾಳೆಗೂ ಹಿಡಿಯುವುದಿಲ್ಲ! ತೂಕ ಮಾಡಿದರೂ ಸುಲಭಕ್ಕೆ ತಿಳಿಯಲ್ಲ, ಎರಡರ ಸಾಂದ್ರತೆಯೂ ಹತ್ತಿರ ಹತ್ತಿರವೇ. ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಗೀರು ಎಳೆದು ನೋಡಬೇಕು, ಇಲ್ಲವೇ ಲೇಪನ ಸವೆಯುವ ಮೂಲೆಗಳನ್ನು ನೋಡಬೇಕು. ನೀವು ಕಳಿಸಿದ ಕೇಸಿನ ಹಿಂದೆ ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್ ಅಂತ ಒತ್ತಿದ್ದಾರೆ. ಅದರರ್ಥ ಹಿಂದಿನ ಮುಚ್ಚಳ ಸ್ಟೀಲಿನದು ಅಂತ, ಇಡೀ ಕೇಸ್ ಅಂತಲ್ಲ. ದಿನವೂ ಇದೇ ವ್ಯಾಪಾರ ಮಾಡುವವರಿಗೆ ಇಷ್ಟು ಗೊತ್ತಿರಲೇಬೇಕು. ಗೊತ್ತಿಲ್ಲದಿದ್ದರೆ ಯಾವ ಲೋಹ ಅಂತ ಬರೆಯಲೇಬಾರದು. ಸ್ಟೀಲಿನದು ನಮ್ಮಲ್ಲಿಲ್ಲ ಅಂದಿದ್ದರೆ ನಾನು ಹಳೆಯದಕ್ಕೇ ಲೇಪನ ಹಾಕಿಸಿ, ಒಳಗೆ ತೆಳುವಾದ ಚರ್ಮದ ಪಟ್ಟಿ ಕೊಟ್ಟು ಕಟ್ಟಿಕೊಳ್ಳುತ್ತಿದ್ದೆ.

ಎರಡನೆಯದು ಮೇನ್ ಸ್ಪ್ರಿಂಗ್. ಕೀ ಕೊಡುವ ಎಲ್ಲ ಎಚ್‌ಎಂಟಿ ವಾಚಿಗೂ ಇದೇ ಆಗುತ್ತದೆ ಅಂತ ಬರೆದಿದ್ದೀರಿ. ಹೆಂಗಸರ ಪುಟ್ಟ ವಾಚಿನ ಯಂತ್ರವೂ ಗಂಡಸರ ವಾಚಿನ ಯಂತ್ರವೂ ಒಂದೇನಾ? ಸ್ಪ್ರಿಂಗಿನ ಅಗಲ, ದಪ್ಪ, ಉದ್ದ, ತುದಿಯ ಕೊಕ್ಕೆ, ನಾಲ್ಕೂ ಹೊಂದಬೇಕು. ನೀವು ಕಳಿಸಿದ್ದು ಹಳೆಯದಕ್ಕಿಂತ 0.2 ಮಿ.ಮೀ. ಅಗಲ ಜಾಸ್ತಿ. ಕೇಳುವುದಕ್ಕೆ ಏನೇನೂ ಅಲ್ಲ ಅನ್ನಿಸಬಹುದು. ಬ್ಯಾರಲ್ ಒಳಗೆ, ಅಂದರೆ ಸ್ಪ್ರಿಂಗ್ ಸುತ್ತಿಡುವ ಪುಟ್ಟ ಡಬ್ಬಿಯೊಳಗೆ, ಕೂರಿಸಿದರೆ ಮುಚ್ಚಳವೇ ಕೂರಲಿಲ್ಲ. ಒತ್ತಿ ಕೂರಿಸಿದ್ದರೆ ಸ್ಪ್ರಿಂಗ್ ಮುಚ್ಚಳಕ್ಕೆ ಉಜ್ಜಿ, ಅಪ್ಪನ ವಾಚಿನ ಬ್ಯಾರಲ್ಲೇ ಹಾಳಾಗುತ್ತಿತ್ತು. ರಿಪೇರಿಯವರು ತಡೆದರು, ಸದ್ಯ.

ಗ್ಲಾಸಿನ ಬಗ್ಗೆ ನನ್ನ ತಕರಾರಿಲ್ಲ. ಹೇಳಿದ ಹಾಗೆ ಅಕ್ರಿಲಿಕ್ಕೇ ಬಂದಿದೆ, ಸರಿಯಾಗಿ ಕೂತಿದೆ. ಅದರ ದುಡ್ಡು ವಾಪಸ್ ಕೇಳುತ್ತಿಲ್ಲ.

ಇನ್ನು ಮೂರನೆಯದು. ಈ ಪತ್ರ ಬರೆಯಲು ಕೂತಿದ್ದೇ ಇದಕ್ಕಾಗಿ. ಅಳತೆ ನೋಡಿ ಅದೇ ಸೈಜಿನದು ಕೊಡುತ್ತೇವೆ, ಹಳೇ ಕೇಸ್ ಕಳಿಸಿ ಎಂದು ನೀವೇ ಕೇಳಿದಿರಿ. ಯಂತ್ರ, ಡಯಲ್, ಮುಳ್ಳು ಬಿಚ್ಚಿಟ್ಟುಕೊಂಡು ಕೇಸನ್ನು ಹಿಂಬದಿ ಮುಚ್ಚಳದ ಸಮೇತ ಕಳಿಸಿದೆ. ವಾಪಸ್ ಬೇಕು ಎಂದು ಪೊಟ್ಟಣದ ಒಳಗೂ ಹೊರಗೂ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಹೊಸ ಕೇಸ್ ಬಂತು, ಹಳೆಯದು ಬರಲಿಲ್ಲ. ಕೇಳಿದರೆ ಒಬ್ಬರು ಗೋಡೌನಿನಲ್ಲಿದೆ ಅಂದರು. ಇನ್ನೊಬ್ಬರು "ಅದು ಗುಜರಿಗೆ ಹೋಗಿರುತ್ತೆ ಸಾರ್, ಅದಕ್ಕೇನು ಬೆಲೆ ಬರುತ್ತೆ" ಅಂದರು. ಆ ಮಾತು ಕೇಳಿ ನನಗೆ ತುಂಬಾ ನೋವಾಯಿತು.

ವಾಚ್ ರಿಪೇರಿ ಮಾಡುವವರು ಪ್ರತಿ ಸಲ ಬಿಚ್ಚಿದಾಗಲೂ ಮುಚ್ಚಳದ ಒಳಬದಿಯಲ್ಲಿ ಸೂಜಿಮೊನೆಯಿಂದ ತಮ್ಮ ಗುರುತು, ತಾರೀಖು ಗೀರುವುದುಂಟು. ಅಪ್ಪನ ವಾಚಿನ ಮುಚ್ಚಳದಲ್ಲಿ ಅಂಥ ನಾಲ್ಕು ಗುರುತುಗಳಿದ್ದವು. ಅಪ್ಪ ಹೋಗಿ ಒಂಬತ್ತು ವರ್ಷ ಆಯಿತು. ಅವರು ಆ ವಾಚನ್ನು ಯಾವಾಗ ಯಾವಾಗ ಅಂಗಡಿಗೆ ಒಯ್ದಿದ್ದರು ಅನ್ನುವುದು ಅದರಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ನಿಮಗದು ಗುಜರಿ ಆದರೂ, ನನ್ನನ್ನು ಕೇಳದೆ ಎಸೆಯುವ ಹಕ್ಕು ನಿಮಗಿರಲಿಲ್ಲ.

ನಾನು ಕೇಳುವುದು ಜಾಸ್ತಿ ಏನಲ್ಲ. ಮೊದಲು ಆ ಹಳೇ ಕೇಸ್, ಮುಚ್ಚಳ ಹುಡುಕಿಸಿ ಕಳಿಸಿ. ಹೊಸ ಕೇಸಿನ 2,350 ರೂಪಾಯಿ, ಸ್ಪ್ರಿಂಗಿನ 420 ರೂಪಾಯಿ ಹಿಂದಿರುಗಿಸಿ, ಎರಡನ್ನೂ ನಿಮ್ಮ ಖರ್ಚಿನಲ್ಲಿ ತರಿಸಿಕೊಳ್ಳಿ. ಆ ಕೇಸಿಗೆ ಸ್ಟೀಲ್ ಅಂತ ಬರೆದಿರುವುದನ್ನು ಇವತ್ತೇ ತೆಗೆಸಿ. ನನ್ನಂತೆ ನಿಕಲ್ ಆಗದವರು ಇನ್ನೂ ಎಷ್ಟು ಜನ ಅದನ್ನು ನಂಬಿ ಕೊಳ್ಳುತ್ತಾರೋ.

ಆನ್‌ಲೈನ್ ಮಾರಾಟದ 2020ರ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯೊಳಗೆ ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ 1915 ಸಹಾಯವಾಣಿಗೆ ದೂರು ಕೊಟ್ಟು, ನಮ್ಮ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನಾನಿರುವ ಊರಲ್ಲೇ ದೂರು ಹಾಕಲು ಅವಕಾಶವಿದೆ. ಅಲ್ಲಿಯವರೆಗೂ ಹೋಗುವ ಆಸೆ ನನಗಿಲ್ಲ.

ಗೋಡೌನಿನಲ್ಲಿ ಹುಡುಕುವವರಿಗೆ ಗುರುತು ಬರೆದಿದ್ದೇನೆ, ದಯವಿಟ್ಟು ಅವರ ಕೈಗೆ ಈ ಪತ್ರವನ್ನೇ ಕೊಡಿ. ಕೀ ಇರುವ ಕಡೆ ಬೆಲ್ಟ್ ಸಿಕ್ಕಿಸುವ ಕೆಳಗಿನ ಕಿವಿಯ ಮೇಲೆ ಬೇಳೆಯಷ್ಟು ಹಳದಿ ಮಚ್ಚೆ ಇದೆ. ಮುಚ್ಚಳದ ಒಳಗೆ 86, 91, 97 ಎಂದು ಒಂದರ ಕೆಳಗೊಂದು ಗೀರಿದ್ದಾರೆ. ನಾಲ್ಕನೆಯ ಗುರುತಿನಲ್ಲಿ ವರ್ಷ ಇಲ್ಲ, ಒಂದು ಸಣ್ಣ ಸುತ್ತು ಮಾತ್ರ ಇದೆ.

ಇಂತಿ,
ನಿಮ್ಮ ಗ್ರಾಹಕ